ಬೇರು ಬರೆಯಲು ಕಲಿತ ವರ್ಷ

ಬೆಳಗಾವಿಗೆ ಬಂದ ಎಂಬತ್ತೇಳನೆಯ ದಿನ, ಮಧ್ಯಾಹ್ನ ಮೂರೂಕಾಲರ ಹೊತ್ತಿಗೆ, ನಾನು ಒಬ್ಬ ದೇವಿಯ ಕಾಲು ಕತ್ತರಿಸಿದೆ.

ಡೈರಿಯಲ್ಲಿ ಆ ದಿನದ ಬರಹ ಚಿಕ್ಕದು. ‘ಸೆಪ್ಟೆಂಬರ್ 10, ಮಂಗಳವಾರ. ಗಿಡ: 5. ಬೇರು ಕತ್ತರಿಸಿದ್ದು: 5. ಚಿತ್ರ: 0. ಸಂಜೆಯ ತನಕ ಕಾಕು ಮಾತಾಡಲಿಲ್ಲ.’ ಉಳಿದ ಪುಟ ಖಾಲಿ. ಆ ದಿನ ಬರೆಯಲಾಗದೆ ಬಿಟ್ಟದ್ದನ್ನು ಈಗ, ಒಂದು ವರ್ಷ ಕಳೆದ ಮೇಲೆ, ನಮ್ಮ ಊರ ಕಡೆಯವರು ಓದಲೆಂದು ಬರೆಯುತ್ತಿದ್ದೇನೆ. ಅಲ್ಲಿಯವರಿಗೆ ಇದು ಮೊದಲಿಗೆ ನಂಬಲಾಗದ ಮಾತು ಅನಿಸಬಹುದು. ನನಗೂ ಹಾಗೇ ಅನಿಸಿತ್ತು.

ನಾನು ಚಿಂತಾಮಣಿಯವಳು. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿಸಿ, ಬೆಳಗಾವಿಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿ, ಜೂನ್ 16ರ ಭಾನುವಾರ ಬೆಳಗ್ಗೆ ಇಲ್ಲಿ ರೈಲು ಇಳಿದೆ. ಈಗ ಹೆಚ್ಚಿನ ಎಣಿಕೆಯನ್ನು ಯಂತ್ರವೇ ಮಾಡುತ್ತದೆ. ಯಂತ್ರಕ್ಕೆ ಅನುಮಾನ ಬಂದ ರಕ್ತ ಮಾತ್ರ ಗಾಜಿನ ಪಟ್ಟಿಯ ಮೇಲೆ ನನ್ನ ಹತ್ತಿರ ಬರುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಬಿಳಿ ಕಣಗಳನ್ನು ಜಾತಿವಾರು ಎಣಿಸುತ್ತೇನೆ. ನೂರು ಆಗುವ ತನಕ ಕಣ್ಣು ಎತ್ತುವಂತಿಲ್ಲ. ಎಲ್ಲವನ್ನೂ ಎಣಿಸಿ ಬರೆದಿಡುವ ಚಟ ಕೆಲಸದಿಂದ ಬಂತೋ, ಆ ಚಟ ಇದ್ದದ್ದಕ್ಕೇ ಈ ಕೆಲಸಕ್ಕೆ ಬಂದೆನೋ, ಹೇಳಲಾರೆ.

ಬಾಡಿಗೆಗೆ ಆರು ಕೋಣೆ ನೋಡಿದೆ. ನಾಲ್ಕು ಕಡೆ ಮೊದಲ ಪ್ರಶ್ನೆ, “ಮರಾಠಿ ಬರ್ತದೇನ್ರಿ?” ಎರಡು ಕಡೆ, “ಒಬ್ಬಾಕಿನ ಇರತೀರೇನ್ರಿ?” ಏಳನೆಯದು ಟಿಳಕವಾಡಿಯ ಇಂದೂ ಕಾಕುವಿನ ಮನೆಯ ಹಿಂದಿನ ಕೋಣೆ. ಇಲ್ಲಿ ಕಾಕು ಅಂದರೆ ಚಿಕ್ಕಮ್ಮ. ಐವತ್ತು ದಾಟಿದ ಹೆಂಗಸರೆಲ್ಲ ಊರಿಗೇ ಕಾಕು. ಅವರು ಆ ಎರಡು ಪ್ರಶ್ನೆಗಳಲ್ಲಿ ಯಾವುದನ್ನೂ ಕೇಳಲಿಲ್ಲ.

“ಪೇರಲ ತಿಂತಿ ಏನ?” ಅಂದರು.

ಪೇರಲ ಅಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಅವರು ಹಿತ್ತಲಿನ ಗಿಡದಿಂದ ಒಂದು ಹಣ್ಣು ಕಿತ್ತು ಉಪ್ಪು ಸವರಿ ಕೈಗಿಟ್ಟರು. ನಮ್ಮ ಸೀಬೆ ಹಣ್ಣು! ಚೀಲ ಕೆಳಗಿಟ್ಟೆ.

ಕಾಕುವಿನದು ಮರಾಠಿ ಮನೆ. ಆದರೆ ಅವರ ಕನ್ನಡ ನನ್ನ ಕನ್ನಡಕ್ಕಿಂತ ಜೋರು. ಅವರ ಗಂಡ ಕಾಕಾ ನಿವೃತ್ತರು, ಮಾತು ಕಡಿಮೆ. ಅವರ ಮೂಲ ಊರು ಖಾನಾಪುರ ತಾಲೂಕಿನ ಹಲಸಿಯ ಹತ್ತಿರ. ಅಲ್ಲಿ ಹಿರಿಯ ಮಗನ ಜೊತೆ ಕಾಕುವಿನ ಅತ್ತೆ ಇದ್ದಾರೆ. ಎಂಬತ್ತು ದಾಟಿದ ಅವರನ್ನು ಎಲ್ಲರೂ ಆಜಿ ಅನ್ನುತ್ತಾರೆ. ಅವರೂ ಕನ್ನಡ ಬಲ್ಲವರು. ಈ ಮನೆಯಲ್ಲಿ ಏನೇ ತೀರ್ಮಾನ ಆಗಬೇಕಾದರೂ ಅಲ್ಲಿಗೆ ಫೋನು ಹೋಗುತ್ತದೆ.

ಚಿತ್ರ ಬರೆಯಲು ಶುರು ಮಾಡಿದ್ದು ಜೂನ್ 30ಕ್ಕೆ. ಮೂರನೆಯ ಭಾನುವಾರ. ಮಳೆ ನಿಂತಿರಲಿಲ್ಲ. ಒಗೆದ ಬಟ್ಟೆ ಎರಡು ದಿನವಾದರೂ ಒಣಗಿರಲಿಲ್ಲ. ಮಾತಾಡಲು ಯಾರೂ ಇರಲಿಲ್ಲ. ಆ ದಿನ ನಾನು ಆಡಿದ ಮಾತುಗಳನ್ನು ಎಣಿಸಿ ಬರೆದಿಟ್ಟಿದ್ದೇನೆ, ಹದಿನಾಲ್ಕು. ಕಿಟಕಿಯ ಕಟ್ಟೆಗೆ ಬಿದ್ದ ಪೇರಲದ ಎಲೆಯೊಂದನ್ನು ಎತ್ತಿಕೊಂಡು, ಕಾಲೇಜಿನ ರೆಕಾರ್ಡ್ ಪುಸ್ತಕಕ್ಕೆ ಬರೆದಂತೆ ಪೆನ್ಸಿಲಿನಲ್ಲಿ ಬರೆದೆ. ಮರುವಾರ ಬಣ್ಣ ತಂದೆ. ಚಿಂತಾಮಣಿಯಲ್ಲಾದರೆ ಕುಂಚ ಎತ್ತುವ ಮೊದಲೇ ನೀರುಬಣ್ಣ ಒಣಗಿರುತ್ತದೆ. ಇಲ್ಲಿ ಗಡಿಯಾರ ನೋಡಿದೆ: ನಲವತ್ತೊಂದು ನಿಮಿಷ. ಒಂದು ಪದರ ಒಣಗಿ ಇನ್ನೊಂದು ಹಚ್ಚುವ ತನಕ ಬೇರೆ ಕೆಲಸವಿಲ್ಲದೆ ಎಲೆಯನ್ನೇ ನೋಡುತ್ತ ಕೂರಬೇಕು. ಮಳೆ ನನಗೆ ನೋಡುವುದನ್ನು ಕಲಿಸುತ್ತಿದೆ ಎಂದು ಡೈರಿಯಲ್ಲಿ ಬರೆದುಕೊಂಡೆ. ಆ ವಾಕ್ಯವನ್ನು ಆಮೇಲೆ ಹೊಡೆದು ಹಾಕಿದ್ದೇನೆ.

ಎರಡು ಮನೆ ಆಚೆ ಬಸಲಿಂಗಪ್ಪ ಮಾಸ್ತರು ಇದ್ದರು, ನಿವೃತ್ತ ಚಿತ್ರಕಲಾ ಶಿಕ್ಷಕರು. ಕಾಕುವೇ ನನ್ನನ್ನು ಅವರ ಮುಂದೆ ಕೂರಿಸಿ ಬಂದರು. ಭಾನುವಾರ ಹತ್ತಕ್ಕೆ ಪಾಠ. ನಾನು ಎಲೆಯ ಅಂಚಿನ ಹಲ್ಲುಗಳನ್ನು ಎಣಿಸಿ, ಒಂದೂ ಹೆಚ್ಚು ಕಡಿಮೆ ಇಲ್ಲದಂತೆ ಬರೆಯುವುದನ್ನು ನೋಡಿ ಅವರು ಕನ್ನಡಕ ತೆಗೆದರು.

“ಏನವಾ, ಚಿತ್ರಾ ಬರಿಯಾಕತ್ತಿಯೋ, ಜನಗಣತಿ ಮಾಡಾಕತ್ತಿಯೋ?”

“ಇಪ್ಪತ್ತಾರು ಇದ್ದಾವೆ ಸರ್. ಇಪ್ಪತ್ತೈದು ಬರೆದರೆ ತಪ್ಪಲ್ವಾ?”

“ತಪ್ಪೇನಿಲ್ಲ. ಆದ್ರ ಗಿಡಕ್ಕ ಅದು ಗೊತ್ತಿಲ್ಲಲ್ಲ! ಬರಿ, ಬರಿ. ನಿನ್ನಂಥಾಕಿ ನನ್ನ ಸಾಲ್ಯಾಗ ಒಬ್ಬಾಕಿನೂ ಇರಲಿಲ್ಲ.”

ಸೋಮವಾರ ಮತ್ತು ಗುರುವಾರ ಖಾನಾಪುರಕ್ಕೆ ಹೋಗಿ ರಕ್ತದ ಮಾದರಿ ತರುವ ಕೆಲಸ. ಅಲ್ಲಿ ಹೆಚ್ಚಿನವರ ಮಾತು ಮರಾಠಿ. ನನ್ನ ಮೊದಲ ಮರಾಠಿ ವಾಕ್ಯ ‘ಮೂಠ ಆವಳಾ’, ಮುಷ್ಟಿ ಬಿಗಿ ಹಿಡಿಯಿರಿ ಅಂತ. ಎರಡನೆಯದು ‘ಝಾಲಂ’, ಆಯಿತು. ಈ ಎರಡೇ ಮಾತಿನಲ್ಲಿ ಎರಡು ವಾರ ಕಳೆದೆ. ಸೆಪ್ಟೆಂಬರ್ ಹೊತ್ತಿಗೆ ನನ್ನ ಪಟ್ಟಿಯಲ್ಲಿ ನೂರಹನ್ನೆರಡು ಮರಾಠಿ ಪದಗಳಿದ್ದವು, ನಲವತ್ತಮೂರು ಗಿಡದ ಚಿತ್ರಗಳಿದ್ದವು. ಇಲ್ಲಿ ನೆಲೆಯಾಗುತ್ತಿದ್ದೇನೆ ಅನ್ನುವ ಧೈರ್ಯವಿತ್ತು.

ಸೆಪ್ಟೆಂಬರ್ 8ರ ಭಾನುವಾರ ಕಾಕು ಹೇಳಿದ್ದರು, “ಮಂಗಳವಾರ ಊರಿಗೆ ಹೋಗಿ ಬರ್ತೀನಿ ಪೋರಿ. ನಿನಗ ಬರಿಯಾಕ ಏನರ ಗಿಡಾ ತರತೀನಿ.” ಪೋರಿ ಅಂದರೆ ಹುಡುಗಿ.

ಇಲ್ಲಿ ಒಂದು ಸಂಗತಿ ಬಿಡಿಸಿ ಹೇಳಬೇಕು. ನಮ್ಮ ಕಡೆ ಗೌರಿ ಬರುವುದು ಗಣೇಶನಿಗಿಂತ ಒಂದು ದಿನ ಮುಂಚೆ. ಮಣ್ಣಿನ ಗೌರಿ, ಅರಿಸಿನ, ಮೊರದ ಬಾಗಿನ, ಕೈಗೆ ಹದಿನಾರು ಗಂಟಿನ ದಾರ. ಅಮ್ಮ ದಾರವನ್ನು ಅಂಚೆಯಲ್ಲಿ ಕಳಿಸಿದ್ದರು. ಶುಕ್ರವಾರವೇ ಕಟ್ಟಿಕೊಂಡು ಕೆಲಸಕ್ಕೆ ಹೋಗಿದ್ದೆ. ನನ್ನ ಲೆಕ್ಕದಲ್ಲಿ ಆ ವರ್ಷದ ಗೌರಿ ಮುಗಿದಿದ್ದಳು. ಇಲ್ಲಿಯ ಈ ಮನೆಗಳಲ್ಲಿ ಗೌರಿ ಗಣೇಶ ಬಂದ ಮೇಲೆ ಬರುತ್ತಾಳೆ, ಆ ವರ್ಷ ಮೂರು ದಿನ ತಡವಾಗಿ. ಅವಳು ಮಣ್ಣಿನವಳೂ ಅಲ್ಲ. ತೇರಡಾ ಅನ್ನುವ, ಮಳೆಗಾಲದಲ್ಲಿ ಹಳ್ಳದ ದಂಡೆಗೆ ತಾನಾಗಿ ಬೆಳೆಯುವ, ನಸುಗೆಂಪು ಹೂವಿನ ಗಿಡ. ನಾವು ಕುಂಡದಲ್ಲಿ ಬೆಳೆಸುವ ಕರ್ಣಕುಂಡಲದ ಕಾಡು ತಂಗಿ. ಐದು ಗಿಡಗಳನ್ನು ಬೇರು ಸಮೇತ ಕಿತ್ತು, ನೀರಲ್ಲಿ ತೊಳೆದು, ಒಟ್ಟು ಕಟ್ಟಿ, ಸೀರೆ ಉಡಿಸಿ, ಮುಖವಾಡ ಇಟ್ಟರೆ ಗೌರಿ. ಬೇರುಗಳು ಅವಳ ಕಾಲು. ಆ ಕಾಲಿನಿಂದಲೇ ಅವಳು ಹೊಸ್ತಿಲು ದಾಟಿ ಒಳಗೆ ನಡೆಯುತ್ತಾಳೆ. ಹಳ್ಳದಲ್ಲಿ ಅವಳನ್ನು ಕರೆದ ಗಳಿಗೆಯಿಂದ ಹೊಸ್ತಿಲ ತನಕ ತರುವವಳು ಒಂದೂ ಮಾತಾಡಬಾರದು.

ಇದರಲ್ಲಿ ಒಂದಕ್ಷರವೂ ನನಗೆ ಗೊತ್ತಿರಲಿಲ್ಲ.

ಮಂಗಳವಾರ ನನ್ನದು ಬೆಳಗಿನ ಪಾಳಿ. ಮೂರಕ್ಕೆ ಮನೆಗೆ ಬಂದೆ. ಕಾಕು ಎರಡು ಬಸ್ಸು ಬದಲಿಸಿ, ಕಂಡಕ್ಟರನಿಗೂ ಬೆರಳು ತೋರಿಸಿ ಊರಿಂದ ಬಂದು, ಸ್ನಾನಕ್ಕೆ ಹೋಗಿದ್ದರು. ಹಿತ್ತಲಿನಲ್ಲಿ ತುಳಸಿಯ ಪಕ್ಕದಲ್ಲಿ ಹಿತ್ತಾಳೆ ತಂಬಿಗೆಯಲ್ಲಿ ಐದು ಗಿಡ. ನನಗೆ ತಂದದ್ದು ಅಂದುಕೊಂಡೆ. ಬೇರು ಉದ್ದವಾಗಿತ್ತು, ನನ್ನ ಗಾಜಿನ ಲೋಟದೊಳಗೆ ಇಳಿಯಲಿಲ್ಲ. ಲ್ಯಾಬಿನ ಕತ್ತರಿ ಚೀಲದಲ್ಲಿತ್ತು. ಐದನ್ನೂ ಒಂದೇ ಮಟ್ಟಕ್ಕೆ ಕತ್ತರಿಸಿ, ಬೇರನ್ನು ಪೇರಲದ ಬುಡಕ್ಕೆ ಎಸೆದು, ಗಿಡವನ್ನು ಲೋಟದಲ್ಲಿಟ್ಟು ಪೆನ್ಸಿಲು ಚೂಪು ಮಾಡುತ್ತಿದ್ದೆ.

ಕಾಕು ಬಂದು ನಿಂತರು. ಲೋಟ ನೋಡಿದರು. ಪೇರಲದ ಬುಡ ನೋಡಿದರು. ಬಾಯಿ ತೆರೆಯಿತು, ಆದರೆ ಅವರಿನ್ನೂ ಮೌನದಲ್ಲಿದ್ದರು. ಕೂಗಲೂ ಆಗದೆ, ಬೈಯಲೂ ಆಗದೆ, ಮೆಟ್ಟಿಲ ಮೇಲೆ ಕುಳಿತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ನಾನು “ಏನಾಯ್ತು ಕಾಕು, ಏನಾಯ್ತು?” ಎಂದು ಕೇಳುತ್ತಲೇ ಇದ್ದೆ. ಎಷ್ಟು ಸಲ ಕೇಳಿದೆ ಅನ್ನುವುದನ್ನು ಮಾತ್ರ ಎಣಿಸಿಲ್ಲ.

ಕಾಕಾ ಬಂದು ನನಗೆ ಎಲ್ಲ ಹೇಳಿ ಆಜಿಗೆ ಫೋನು ಹಚ್ಚಿದರು. ಸ್ಪೀಕರಿನಲ್ಲಿ ಆಜಿಯ ದನಿ ಗಟ್ಟಿಯಾಗಿತ್ತು.

“ಕಾಲಿಲ್ಲದಾಕಿನ್ನ ಒಳಗ ನಡಸಾಕ ಬರೂದಿಲ್ಲ. ನೀರಿಗೆ ಬಿಡ್ರಿ.”

“ಬ್ಯಾರೆ ತರೂಣೇನು, ಆಯಿ?” ಕಾಕಾ ತಾಯಿಯನ್ನು ಕೇಳಿದರು.

“ಒಮ್ಮಿ ಕರದೀವಿ, ಬಂದಿದ್ಲು. ಮತ್ತೊಮ್ಮಿ ಹೆಂಗ ಕರೀತಿ? ಈ ವರ್ಷ ಮಣಿ ಖಾಲಿ ಇರ್ಲಿ.”

ಗೌರಿ ಕೂರಬೇಕಿದ್ದ ಮಣೆ ಮೂರು ದಿನ ಖಾಲಿ ಇತ್ತು. ಆ ಸಂಜೆ ಅವಳಿಗೆಂದು ಮಾಡಿದ ಭಕ್ರಿ ಮತ್ತು ಸಬ್ಬಸಿಗಿ ಪಲ್ಯವನ್ನು ಕಾಕು ನನ್ನ ತಟ್ಟೆಗೂ ಹಾಕಿ ತಂದಿಟ್ಟರು. ಸಬ್ಬಸಿಗೆ ಅಂದರೆ ನನಗೆ ಅಮ್ಮನ ಬಸ್ಸಾರು. ಅರ್ಧ ತಿಂದೆ. ಆಗ ಕಾಕು ಆ ದಿನದ ಮೊದಲ ಮಾತನ್ನು ಆಡಿದರು.

“ಇಷ್ಟ ದಿನ ಗಿಡಾ ನೋಡ್ತೀನಿ ನೋಡ್ತೀನಿ ಅಂತಿ. ನೀ ನೋಡೇ ಇಲ್ಲಲ್ಲ ಪೋರಿ.”

ಕೋಣೆಗೆ ಹೋಗಿ ಹಾಳೆಗಳನ್ನು ತೆಗೆದೆ. ನಲವತ್ತಮೂರು ಚಿತ್ರ. ಎಲೆಯ ಹಲ್ಲು, ನರ, ಹೂವಿನ ಹಿಂದಿನ ಬಾಲ, ಎಲ್ಲ ಲೆಕ್ಕಕ್ಕೆ ಸರಿ. ಬೇರು ಇದ್ದ ಚಿತ್ರ ಒಂದೂ ಇರಲಿಲ್ಲ. ಎಲ್ಲ ಕಾಂಡಗಳೂ ಲೋಟದ ನೀರಿನಲ್ಲಿ ಮುಗಿದುಹೋಗಿದ್ದವು.

ಮರುದಿನ ಬೆಳಗ್ಗೆ ಚೀಲ ಕಟ್ಟಿದೆ. ಕಾಕು ಬಾಗಿಲಲ್ಲಿ ಅಡ್ಡ ನಿಂತರು.

“ಎಲ್ಲಿಗೆ?”

“ಬೇರೆ ರೂಮು ನೋಡ್ಕೋತೀನಿ ಕಾಕು. ನಿಮ್ಮ ಮುಖ ನೋಡೋಕೆ ಆಗ್ತಿಲ್ಲ.”

“ನೀ ಓಡಿ ಹೋದ್ರ ಅಕಿಗೆ ಬೇರ ಹುಟ್ಟತಾವೇನ? ಚೀಲಾ ಇಳಸು. ಮುಂದಿನ ವರ್ಷ ಆಜಿ ಮುಂದ ಬಂದು ನಿಂದ್ರು. ಏನ ಹೇಳೂದೈತಿ ಅಲ್ಲೇ ಹೇಳು.”

ಚೀಲ ಇಳಿಸಿದೆ. ಆಜಿಗೆ ಚಿತ್ರ ಬರೆದು ತೋರಿಸುವುದೊಂದೇ ದಾರಿ. ಡೈರಿಯ ಹಿಂಬದಿಯಲ್ಲಿ ಹೊಸ ಪುಟ ತೆರೆದು ಬರೆದೆ: ‘ಮುಂದಿನ ಗೌರಿಯೊಳಗೆ ತೇರಡಾ, ಬೇರು ಸಮೇತ. ಒಂದೂ ಬಿಡದಂತೆ. ಆ ಚಿತ್ರ ಹಿಡಿದು ಆಜಿಯ ಮುಂದೆ ನಿಲ್ಲುವುದು.’

ಮಾಸ್ತರಿಗೆ ಹೇಳಿದಾಗ ಅವರು ಗಲ್ಲ ತುರಿಸಿಕೊಂಡರು. “ಖರೇ ಹೇಳಲೇನು? ಮೂವತ್ತು ವರ್ಷ ಹೂದಾನಿ ಬರಸೀನಿ. ಬೇರ ಬರಿಯೂದು ನನಗೂ ಬರೂದಿಲ್ಲ. ಬಾ, ಇಬ್ಬರೂ ಕಲಿಯೂಣು.”

ಬೇರು ಬರೆಯಬೇಕೆಂದರೆ ಮೊದಲು ಕೀಳಲು ಬರಬೇಕು. ರೈಲು ಹಳಿಯ ಗೋಡೆಯ ಪಕ್ಕ, ಖಾಲಿ ನಿವೇಶನಗಳಲ್ಲಿ ತುಂಬೆ, ಉತ್ತರಾಣಿ, ಗರಿಕೆ, ಹೆಸರು ಗೊತ್ತಿಲ್ಲದ ಕಸಗಳನ್ನು ಕಿತ್ತೆ. ಅಕ್ಟೋಬರಿನಿಂದ ಮೇ ತನಕದ ಲೆಕ್ಕ: ಕಿತ್ತದ್ದು 64, ಮುರಿದದ್ದು 41, ಇಡಿಯಾಗಿ ಬಂದದ್ದು 23. ನಮ್ಮೂರಿನ ಗಟ್ಟಿ ಕೆಂಪು ನೆಲದಲ್ಲಿ ಗಿಡ ಕಿತ್ತರೆ ಕಾಂಡವೇ ಕೈಗೆ ಬರುತ್ತದೆ. ಇಲ್ಲಿಯ ಮಣ್ಣು ಮಳೆಗಾಲದಲ್ಲಿ ಸಡಿಲ, ಆದರೆ ಅವಸರ ಮಾಡಿದರೆ ಬೇರಿನ ತುದಿಯನ್ನು ತಾನೇ ಇಟ್ಟುಕೊಳ್ಳುತ್ತದೆ. ಬೇರು ಬರೆಯುವುದು ಎಲೆ ಬರೆದಂತಲ್ಲ. ಎಲೆಗೆ ಎರಡು ಕಡೆ ಒಂದು ಹೋಲಿಕೆ ಇರುತ್ತದೆ. ಒಂದು ಅರ್ಧ ಬರೆದರೆ ಇನ್ನೊಂದರ ಅಂದಾಜು ಸಿಗುತ್ತದೆ. ಬೇರಿಗೆ ಅದಿಲ್ಲ. ಪ್ರತಿ ಎಳೆಯೂ ತನ್ನ ದಾರಿ ತಾನು ಹುಡುಕಿದ್ದು. ಫೆಬ್ರವರಿಯಲ್ಲಿ ಎರಡು ಸಲ ಕುಂಚ ಎಸೆದೆ. ಎರಡು ಸಲವೂ ಎದ್ದು ಹೋಗಿ ತಂದುಕೊಂಡೆ.

ತೇರಡಾ ಚಳಿಗಾಲಕ್ಕೆ ಸತ್ತುಹೋಗುವ ಗಿಡ. ಅಕ್ಟೋಬರಿನಲ್ಲಿ ಖಾನಾಪುರದ ರೈಲು ನಿಲ್ದಾಣದ ಹಿಂದೆ ಅದರ ಕಾಯಿ ಸಿಕ್ಕಿತು. ಮುಟ್ಟಿದರೆ ಸಿಡಿಯುತ್ತದೆ. ಮುಷ್ಟಿಯೊಳಗೆ ಸಿಡಿಸಿ ಬೀಜ ಹಿಡಿದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು, ನನಗೆ ರಕ್ತ ಕೊಟ್ಟವರೇ ಇರಬೇಕು, “ಮೂಠ ಆವಳಾ!” ಎಂದು ನಗುತ್ತ ಹೋದರು. ಖಾನಾಪುರದಲ್ಲಿ ನನ್ನನ್ನು ಯಾರಾದರೂ ಗುರುತು ಹಿಡಿದದ್ದು ಅದೇ ಮೊದಲು. ಡೈರಿಯಲ್ಲಿದೆ.

ಮೇ ತಿಂಗಳಲ್ಲಿ ಬೀಜವನ್ನು ಹಳೆಯ ಮೊಸರಿನ ಮಡಕೆಯಲ್ಲಿ ಮಣ್ಣು ತುಂಬಿ ಹಾಕಿದೆ. ಜೂನ್ ಕೊನೆಗೆ ಒಂದು ಗಿಡ ಕಿತ್ತು, ಬಿಳಿ ಹಾಳೆಯ ಮೇಲೆ ಮಲಗಿಸಿ, ಬೇರಿನ ಎಳೆ ಎಳೆಯನ್ನೂ ಬರೆದೆ. ಆ ಚಿತ್ರ ತೆಗೆದುಕೊಂಡು ಜುಲೈ 6ರ ಭಾನುವಾರ ಕಾಕುವಿನ ಜೊತೆ ಊರಿಗೆ ಹೋದೆ.

ಆಜಿ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದರು. ಕಾಲಿಗೆ ಬಿದ್ದೆ.

“ಕಾಲ ಕತ್ತರಸಿದಾಕಿ ನೀನ ಏನ?”

“ಹೌದು ಆಜಿ.”

“ಯಾವ ಊರು?”

“ಚಿಂತಾಮಣಿ.”

“ಅಲ್ಲಿ ಗೌರಿಗೆ ಕಾಲ ಇರೂದಿಲ್ಲೇನ?”

“ಇರ್ತವೆ ಆಜಿ. ಸೀರೆ ಒಳಗೆ ಇರ್ತವೆ. ಕಾಣಲ್ಲ.”

ಕಾಕು ಸೆರಗು ಬಾಯಿಗಿಟ್ಟುಕೊಂಡರು. ಆಜಿ ನಗಲಿಲ್ಲ. ಕೈ ಚಾಚಿದರು. ಚಿತ್ರ ಕೊಟ್ಟೆ. ದೂರ ಹಿಡಿದು ನೋಡಿದರು, ಹತ್ತಿರ ತಂದು ನೋಡಿದರು.

“ಇದು ಸತ್ತೈತಿ.”

“ಒಂದು ಬೇರೂ ಬಿಟ್ಟಿಲ್ಲ ಆಜಿ. ಎಣಿಸಿ ಬರೆದಿದ್ದೀನಿ.”

“ಎಣಿಸಿರಬಹುದು. ಎಲ್ಲಾ ಒಂದಕ್ಕೊಂದು ಅಂಟಿಕೊಂಡು ಬಿದ್ದಾವ, ತೊಯ್ದ ಕೂದಲದಂಗ. ಜೀವ ಇದ್ದ ಬೇರ ಹಿಂಗ ಇರತಾವೇನ? ಏ ಚಿಂತಾಮಣಿ, ಏಳು.”

ಮನೆಯ ಹಿಂದಿನ ಹಳ್ಳಕ್ಕೆ ಕೋಲೂರಿಕೊಂಡು ಮುಂದೆ ಮುಂದೆ ನಡೆದರು. ದಂಡೆಯಲ್ಲಿ ಮೊಣಕಾಲೆತ್ತರದ ತೇರಡಾ. ನಾನು ಹಿಂದೆ ಸರಿದು ನಿಂತದ್ದು ನೋಡಿ, “ಹೆದರಬ್ಯಾಡ. ಹಬ್ಬದ ದಿನ ನಾವು ಕರಿಯೂ ತನಕ ಇದು ಕಸಾನ. ಕೀಳು” ಅಂದರು. ಕಿತ್ತೆ. ಅವರು ಗಿಡದ ಬುಡ ಹಿಡಿದು ಬೇರನ್ನು ಹರಿಯುವ ನೀರಿನಲ್ಲಿ ಇಳಿಬಿಟ್ಟರು.

ಹಾಳೆಯ ಮೇಲೆ ಒಂದು ಮುದ್ದೆಯಾಗಿ ಕಾಣುತ್ತಿದ್ದದ್ದು ನೀರೊಳಗೆ ಬಿಚ್ಚಿಕೊಂಡಿತು. ದಪ್ಪ ಬೇರುಗಳು ಒಂದೊಂದೂ ಬೇರೆ ಬೇರೆಯಾದವು. ಕಾಂಡದ ಬುಡದಲ್ಲಿ ಗಾಢ ಕೆಂಪು, ಮುಂದೆ ನಸುಗೆಂಪು, ತುದಿಯಲ್ಲಿ ನೀರಿನದೇ ಬಣ್ಣ. ಹರಿವಿಗೆ ಅಲ್ಲಾಡುತ್ತಿದ್ದವು. ಎಂಟು ತಿಂಗಳು ನಾನು ಎಣಿಸಿದ್ದೆಲ್ಲ ಒಣನೆಲದ ಮೇಲಿನ ಬೇರು. ಮಾಸ್ತರು ಜನಗಣತಿ ಅಂದದ್ದು ನೆನಪಾಯಿತು.

ಮರುದಿನ ಸಂಜೆ ರವಿವಾರ ಪೇಟೆ ಅನ್ನುವ ಬೀದಿಗೆ ಹೋಗಿ ಒಂದು ಅಗಲವಾದ ಬಿಳಿ ಬೋಗುಣಿ ತಂದೆ. ಅಲ್ಲಿಂದ ಆಗಸ್ಟ್ 24ರ ತನಕ ಒಟ್ಟು ಆರು ಭಾನುವಾರ ಹಳ್ಳದ ದಂಡೆಯಲ್ಲಿ ಕುಳಿತೆ. ಬೋಗುಣಿಯಲ್ಲಿ ಹಳ್ಳದ ನೀರು, ನೀರಿನಲ್ಲಿ ಬೇರು, ಕೋಲಿಗೆ ಕಟ್ಟಿದ ಕೊಡೆ, ಅದರ ಕೆಳಗೆ ನಾನು. ನಲವತ್ತೊಂದು ನಿಮಿಷದ ಲೆಕ್ಕ ಅಲ್ಲಿ ನಡೆಯಲಿಲ್ಲ. ಬಣ್ಣ ಒಣಗುತ್ತಲೇ ಇರಲಿಲ್ಲ. ಒದ್ದೆ ಹಾಳೆಯನ್ನು ಭಕ್ರಿ ಡಬ್ಬಿಯ ಮುಚ್ಚಳದ ಮೇಲೆ ಮಲಗಿಸಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದೆ. ಆರರಲ್ಲಿ ನಾಲ್ಕು ಕೆಟ್ಟವು. ಐದನೆಯದನ್ನು ಮಾಸ್ತರು ಒಪ್ಪಿದರು, ನಾನು ಒಪ್ಪಲಿಲ್ಲ.

ಆ ಕೊನೆಯ ಭಾನುವಾರ ಕಾಕುವೂ ಬಂದಿದ್ದರು. ಆರನೆಯದನ್ನು ಆಜಿಯ ಮುಂದಿಟ್ಟೆ. ಹನ್ನೊಂದು ದೊಡ್ಡ ಬೇರು. ಸಣ್ಣವನ್ನು ಎಣಿಸಿರಲಿಲ್ಲ, ಅವು ಹೋದ ಕಡೆ ಕುಂಚ ಹೋಗಿತ್ತು. ಆಜಿ ಬೆರಳನ್ನು ಹಾಳೆಗೆ ತಾಗಿಸದೆ, ಅದರ ಮೇಲೆ ಗಾಳಿಯಲ್ಲಿ ಒಂದು ಬೇರಿನ ದಾರಿ ಹಿಡಿದು ತುದಿಯ ತನಕ ಹೋದರು.

“ಇಕಿ ನಡೀತಾಳ,” ಅಂದರು.

ಆಮೇಲೆ ಕಾಕುವಿನ ಕಡೆ ತಿರುಗಿದರು. “ಇಂದೂ, ಈ ವರ್ಷ ನಿನ್ನ ಮನಿ ಗೌರಿನ್ನ ಇಕಿನ ತರ್ಲಿ.”

“ಆಯಿ! ಮತ್ತ ಮುರದ್ಲಂದ್ರ?”

“ಮುರದ್ರ ಮಣಿ ಮತ್ತ ಖಾಲಿ. ಹೋದ ವರ್ಷದ್ದು ಯಾರ ಕೈಯಾಗ ಹೋತು, ಅಕಿ ಕೈಯಿಂದನ ಬರಬೇಕು.”

ಕಾಕು ಬಸ್ಸಿನಲ್ಲಿ ನನ್ನ ಪಕ್ಕ ಕುಳಿತರು. ಖಾನಾಪುರ ದಾಟಿದ ಮೇಲೆ ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು ಹಿಡಿದುಕೊಂಡರು, ಟಿಳಕವಾಡಿ ಬರುವ ತನಕ.

ಆಗಸ್ಟ್ 31, ಭಾನುವಾರ. ಬೆಳಗಾವಿಗೆ ಬಂದ ನಾನೂರ ನಲವತ್ತೆರಡನೆಯ ದಿನ. ಕಾಕು ಹೊಸ್ತಿಲು ಕಾಯಲು ಮನೆಯಲ್ಲೇ ಉಳಿದರು. ಹಿಂದಿನ ದಿನವೇ ಊರಿಗೆ ಹೋಗಿದ್ದ ನಾನು ಬೆಳಗ್ಗೆ ಮಿಂದು ಆಜಿಯ ಜೊತೆ ಹಳ್ಳಕ್ಕೆ ಇಳಿದೆ. ಆಜಿ ದಂಡೆಗೆ ಅರಿಸಿನ ಕುಂಕುಮ ಹಾಕಿ ಕರೆದರು. ಅಲ್ಲಿಂದ ನನ್ನ ಬಾಯಿ ಬಂದ್.

ನನ್ನ ಮಣಿಕಟ್ಟಿನ ಮೇಲೆ ಅವರ ಕಣ್ಣು ಬಿತ್ತು. “ಇದೇನ ಹಳದಿ ದಾರ? ನಿಮ್ಮ ಕಡೆ ಗೌರಿದೇನ?”

ತಲೆಯಾಡಿಸಿದೆ. ಈ ವರ್ಷವೂ ಅಮ್ಮ ಅಂಚೆಯಲ್ಲಿ ಕಳಿಸಿದ್ದ ಹದಿನಾರು ಗಂಟಿನ ದಾರ. ಬಿಚ್ಚಬೇಕೇ ಎಂದು ಕೈಯಿಂದಲೇ ಕೇಳಿದೆ.

“ಇರ್ಲಿ, ಇರ್ಲಿ. ತವರಮನಿದು. ಅದ ಕೈ ಹಿಡಿಯೂದು.”

ಇಳಿಜಾರಿನಲ್ಲಿ ಬೆಳೆದ ತೇರಡಾದ ಉದ್ದದ ಬೇರು ದಂಡೆಯ ಮೇಲ್ಗಡೆಗೆ ಹೋಗಿರುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಚಿತ್ರಕ್ಕೆಂದು ಕಿತ್ತ ಆರು ಗಿಡಗಳಲ್ಲಿ ಐದರಲ್ಲಿ ಹಾಗಿತ್ತು. ಹಾಗಾಗಿ ಮೇಲಿನ ಮಣ್ಣನ್ನು ಮೊದಲು ನೀರು ಹಾಕಿ ಸಡಿಲಿಸಿ, ಬುಡವನ್ನು ಎರಡೂ ಕೈಯಲ್ಲಿ ಹಿಡಿದು, ಹಳ್ಳದ ಕಡೆ ಎಳೆಯದೆ ಮೇಲಕ್ಕೆ ಅಲ್ಲಾಡಿಸುತ್ತ ಬಂದೆ. ಒಂದು ಬಂತು. ಎರಡು, ಮೂರು, ನಾಲ್ಕು. ಐದನೆಯದು ಬರಲಿಲ್ಲ. ಅದರ ಬೇರೊಂದು ಕಲ್ಲಿನ ಅಡಿಗೆ ಹೊಕ್ಕಿತ್ತು. ಬೇರೆ ಗಿಡ ಹಿಡಿಯಲೇ ಎಂದು ಆಜಿಯನ್ನು ಕೇಳುವಂತಿಲ್ಲ, ಮಾತಿಲ್ಲ. ಅವರೂ ಸುಮ್ಮನೆ ನನ್ನ ಕೈ ನೋಡುತ್ತಿದ್ದರು. ಕಲ್ಲು ದೊಡ್ಡದು, ಎತ್ತಿದರೆ ಜಜ್ಜಿಹೋಗುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಚೀಲದಲ್ಲಿ ಸಣ್ಣ ಕುಂಚವಿತ್ತು. ಅದರ ಹಿಡಿಕೆಯ ತುದಿಯಿಂದ ಕಲ್ಲಿನಡಿಯ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಕೆದಕಿ ತೆಗೆದೆ. ಬೇರು ಎಲ್ಲಿ ಬಾಗಿರಬಹುದು ಎಂದು ಬೆರಳಿಗೆ ಗೊತ್ತಾಗುತ್ತಿತ್ತು. ಅಂಥ ಬಾಗುಗಳನ್ನು ವರ್ಷವಿಡೀ ಬರೆದಿದ್ದೆ. ಮೊಣಕಾಲು ಮರಗಟ್ಟಿತು. ಕೊನೆಗೆ ಅದು ತಾನಾಗಿ ಜಾರಿ ಬಂತು, ತುದಿಯ ಬಿಳಿ ಎಳೆಯ ಸಮೇತ.

ಐದನ್ನೂ ನೀರಿನಲ್ಲಿ ಇಳಿಬಿಟ್ಟೆ. ದಾರದ ಅರಿಸಿನ ಕರಗಿ ಬೇರುಗಳ ನಡುವೆ ಹಳದಿಯಾಗಿ ಹರಿದು ಹೋಯಿತು. ಆಜಿ ಬಾಗಿ ಒಂದೊಂದೇ ಗಿಡದ ಬುಡ ಮುಟ್ಟಿ ನೋಡಿದರು. “ಹೋಗು. ತಿರುಗಿ ನೋಡಬ್ಯಾಡ,” ಅಂದರು.

ಎರಡು ಬಸ್ಸು. ತಂಬಿಗೆ ಎದೆಗೆ ಒತ್ತಿಕೊಂಡು ಕುಳಿತೆ. ಕಂಡಕ್ಟರನಿಗೆ ಆಧಾರ್ ಕಾರ್ಡು ತೋರಿಸಿ, ಇಳಿಯುವ ಊರಿಗೆ ಬೆರಳಿನಿಂದ ಮುಂದಕ್ಕೆ ಸನ್ನೆ ಮಾಡಿದೆ. “ಎಲ್ಲಿಗ್ರಿ? ಬಾಯಿ ಬಿಟ್ಟು ಹೇಳ್ರಿ ಅಕ್ಕಾ” ಅಂದ. ಅಷ್ಟರಲ್ಲಿ ನನ್ನ ಫೋನು ಬಡಿದುಕೊಳ್ಳತೊಡಗಿತು. ಅಮ್ಮ. ನಿಂತಿತು. ಮತ್ತೆ ಬಡಿದುಕೊಂಡಿತು. “ಫೋನ್ ತಗೋರಿ, ಯಾರೋ ಬಾಳ ಅರ್ಜೆಂಟ್ ಅದಾರ,” ಎಂದು ಹಿಂದಿನ ಸೀಟಿನವರು ಅಂದರು. ಪಕ್ಕದಲ್ಲಿದ್ದ ಹೆಂಗಸು ನನ್ನ ತಂಬಿಗೆ ನೋಡಿ, ಬೇರು ನೋಡಿ, ಬಸ್ಸಿಗೆಲ್ಲ ಕೇಳುವಂತೆ ಹೇಳಿದರು, “ಏ, ಸುಮ್ನಿರ್ರಿ! ಗೌರಿ ತಂದಾಳ, ಮಾತಾಡಂಗಿಲ್ಲ. ಬೆಳಗಾವಿಗೆ ಹರೀರಿ ಒಂದು ಟಿಕೀಟು.” ಯಾರೋ ಕಿಟಕಿ ಮುಚ್ಚಿದರು, ಗಾಳಿಗೆ ಹೂ ಉದುರಬಾರದೆಂದು. ಅವರಿಗೆಲ್ಲ ನಾನು ಈ ಕಡೆಯ ಮನೆಮಗಳಾಗಿಯೇ ಕಂಡಿರಬೇಕು. ಬಾಯಿ ತೆರೆದಿದ್ದರೆ ಗೊತ್ತಾಗುತ್ತಿತ್ತು. ಫೋನು ಮೂರನೆಯ ಸಲ ಬಡಿದುಕೊಂಡು ಸುಮ್ಮನಾಯಿತು.

ಟಿಳಕವಾಡಿಯ ಮನೆಯ ಬಾಗಿಲಲ್ಲಿ ಕಾಕು ಹೊಸ ಸೀರೆಯಲ್ಲಿ ನಿಂತಿದ್ದರು. ಒಳಗಿನ ತನಕ ಕುಂಕುಮದ ಹೆಜ್ಜೆ ಬರೆದಿದ್ದರು. ಬೇರುಗಳಿಗೆ ಹಾಲು ಹಾಕಿದರು, ನೀರು ಹಾಕಿದರು. ಒಂದೊಂದು ಬೇರನ್ನೂ ಬೆರಳಿನಿಂದ ಬಿಡಿಸಿ ನೋಡಿದರು. ಆಮೇಲೆ, ಇಲ್ಲಿಯ ಪದ್ಧತಿಯಂತೆ, ಹೊಸ್ತಿಲ ಒಳಗಿನಿಂದ ಕೇಳಿದರು.

“ಗೌರಿ ಯಾವ ಕಾಲಿಂದ ಬಂದ್ಲು?”

ಬಂಗಾರದ ಕಾಲಿಂದ ಅನ್ನಬೇಕು. ವಾರವೆಲ್ಲ ಅದನ್ನು ಮರಾಠಿಯಲ್ಲಿ ಬಾಯಿಪಾಠ ಮಾಡಿದ್ದೆ. ಮೂರೂವರೆ ಗಂಟೆ ಮುಚ್ಚಿದ್ದ ಬಾಯಿ ಒಣಗಿತ್ತು.

“ಅಕೀ ಕಾಲಿಂದನ, ಕಾಕು,” ಅಂದೆ.

ಕಾಕಾ ಕೆಮ್ಮಿದರು. ಕಾಕು ಒಂದು ಗಳಿಗೆ ನನ್ನನ್ನೇ ನೋಡಿ, ಕಣ್ಣು ಒರೆಸಿಕೊಂಡು, “ಬರೋಬ್ಬರಿ ಐತಿ. ಒಳಗ ಬಾ,” ಅಂದರು. ಯಾರನ್ನು ಕರೆದರೆಂದು ನಾನು ಕೇಳಲಿಲ್ಲ. ಇಬ್ಬರೂ ಹೊಸ್ತಿಲು ದಾಟಿದೆವು. ಮಣೆ ತುಂಬಿತು.

ಸಬ್ಬಸಿಗಿ ಪಲ್ಯದ ವಾಸನೆ ಮನೆ ತುಂಬುತ್ತಿದ್ದಾಗ ಹಿತ್ತಲಿಗೆ ಹೋಗಿ ಅಮ್ಮನಿಗೆ ಫೋನು ಮಾಡಿದೆ.

“ಎಲ್ಲಿದ್ಯೇ, ನಂದು? ಮೂರು ಸಲ ಮಾಡಿದೆ.”

“ಗೌರಿ ತರೋಕೆ ಹೋಗಿದ್ದೆ ಅಮ್ಮ. ಮಾತಾಡೋ ಹಾಗಿರ್ಲಿಲ್ಲ.”

“ಗೌರಿನಾ?” ಅಂದರು ಅಮ್ಮ. “ಇಲ್ಲಿಗೆ ಮಂಗಳವಾರವೇ ಬಂದು ಹೋದಳಲ್ಲೇ. ನೀನೇ ಬರಲಿಲ್ಲ.”

ಆ ದಿನದ ಪುಟ ಕೂಡ ಚಿಕ್ಕದು. ‘ಆಗಸ್ಟ್ 31, ಭಾನುವಾರ. ಗಿಡ: 5. ಬೇರು ಮುರಿದದ್ದು: 0. ಈ ವರ್ಷ ಗೌರಿ ಬಂದದ್ದು: 2. ನಾನು ಬಾಗಿಲಲ್ಲಿ ಇದ್ದದ್ದು: 1.’